ಯಾದಿಗೆ ಇನ್ನೊಂದು ಹಾಳೆ: ಲಗ್ನಕ್ಕೆ ಮುಂಚಿನ ಕರಾರು ನಾವು ಮಾಡಿಸಿದ್ದು ಹೀಗೆ

ನಮ್ಮ ಕಡೆ ಲಗ್ನ ಅಂದರೆ ಮೊದಲು ಯಾದಿ. ಎರಡೂ ಮನೆಯ ಹಿರಿಯರು ಜಮಖಾನದ ಮೇಲೆ ಕೂರುತ್ತಾರೆ. ತಾಳಿ ಯಾರು ಮಾಡಿಸಬೇಕು, ಊಟದ ಖರ್ಚು ಯಾರದು, ಎಷ್ಟು ಸೀರೆ, ಎಲ್ಲ ಬರೆದು ಹಾಳೆಗೆ ಅರಿಷಿಣ ಹಚ್ಚುತ್ತಾರೆ. ಸಾಲ ಎಷ್ಟಿದೆ, ಮನೆ ಯಾರ ಹೆಸರಿಗಿದೆ ಅನ್ನೋದು ಮಾತ್ರ ಅದರಲ್ಲಿ ಬರುವುದಿಲ್ಲ. ಕೇಳಿದರೆ ತಪ್ಪು ತಿಳಿದಾರು ಅಂತ ಎಲ್ಲರೂ ಸುಮ್ನೆ ಇರುತ್ತಾರೆ.

ನನ್ನದು ಎರಡನೆಯ ಲಗ್ನ. ಹುಬ್ಬಳ್ಳಿಯಲ್ಲಿ ರೊಟ್ಟಿ ಕೇಂದ್ರ ನಡೆಸುತ್ತೇನೆ. ಐದು ಜನ ಹೆಣ್ಮಕ್ಕಳು ಕೆಲಸಕ್ಕಿದ್ದಾರೆ, ಮುದ್ರಾ ಸಾಲದಲ್ಲಿ ತಂದ ಮಷಿನ್ ಇದೆ. ಒಬ್ಬಳು ಮಗಳು. ನಮ್ಮವರಿಗೆ ಅಣ್ಣಿಗೇರಿ ಹತ್ತಿರ ನಾಲ್ಕು ಎಕರೆ ಎರಿ ಹೊಲ, ಒಬ್ಬ ಮಗ. ಮೊದಲ ಹೆಂಡತಿ ತೀರಿಕೊಂಡಿದ್ದರು. ಎರಡು ಮಕ್ಕಳು, ಎರಡು ಕಡೆ ಆಸ್ತಿ, ಎರಡು ಕಡೆ ಸಾಲ. ಬಾಯಿಮಾತಿಗೆ ಬಿಡೋದು ನನಗೆ ಬೇಡವಾಗಿತ್ತು. ಯಾರದು ಏನು ಅಂತ ಲಗ್ನಕ್ಕೆ ಮೊದಲೇ ಕರಾರು ಬರೆಸೋಣ ಅಂದ ಕೂಡಲೇ ನಮ್ಮ ಕಾಕಾ, "ಇನ್ನ ಅಕ್ಕಿಕಾಳ ಬಿದ್ದಿಲ್ಲ, ಈಗ್ಲೇ ಬಿಡಾಕ ಕಾಗದ ಮಾಡಸ್ತೀಯೇನವಾ?" ಅಂದರು.

ಶುರುವಿಗೇ ಒಂದು ಮಾತು ಹೇಳಿಬಿಡುತ್ತೇನೆ. ಈ ಕಾಗದ ಮಾಡಿಸಿಕೊಂಡರೆ ಕೋರ್ಟಿನಲ್ಲಿ ಗೆದ್ದೇ ಗೆಲ್ಲುತ್ತೇವೆ ಅಂತ ತಿಳಿಯಬೇಡಿ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಇಂಥ ಕರಾರಿಗೆ ಜಾಗವೇ ಇಲ್ಲ. 1872ರ ಕರಾರು ಕಾಯ್ದೆಯ 23ನೇ ಕಲಮಿನ ಪ್ರಕಾರ, ಸಾರ್ವಜನಿಕ ನೀತಿಗೆ ವಿರುದ್ಧವಾದದ್ದು ಬರೆದರೂ ನಿಲ್ಲುವುದಿಲ್ಲ. ಧಾರವಾಡದ ವಕೀಲರು 1901ರ ಒಂದು ಕಲ್ಕತ್ತಾ ಹೈಕೋರ್ಟ್ ತೀರ್ಪು ಹೇಳಿದರು. ಗಂಡ ಅತ್ತೆಯ ಮನೆ ಬಿಟ್ಟು ಹೋಗಬಾರದು ಅಂತ ಲಗ್ನಕ್ಕೆ ಮೊದಲೇ ಬರೆಸಿಕೊಂಡಿದ್ದರಂತೆ. ಮನೆ ಅಳಿಯನ ಕರಾರು! ಕೋರ್ಟ್ ಅದನ್ನು ಒಪ್ಪಲಿಲ್ಲ.

ಪಕ್ಕದ ಗೋವಾದಲ್ಲಿ ಬೇರೆ. ಅಲ್ಲಿ 1867ರ ಪೋರ್ಚುಗೀಸ್ ಸಿವಿಲ್ ಕೋಡ್‌ನ ಕುಟುಂಬದ ಭಾಗ ಇನ್ನೂ ನಡೆಯುತ್ತದೆ. ಆಸ್ತಿ ಒಟ್ಟಿಗೋ ಬೇರೆಯೋ ಅಂತ ಲಗ್ನಕ್ಕೆ ಮೊದಲೇ ಬರೆಸಬಹುದು, ಆಮೇಲೆ ಬದಲಿಸಲು ಬರುವುದಿಲ್ಲ. ಮುಸ್ಲಿಮರಲ್ಲಿ ಲಗ್ನದ ಕಾಗದವಾದ ನಿಕಾಹ್‌ನಾಮಾದಲ್ಲೇ ಮೆಹರ್, ಅಂದರೆ ಗಂಡ ಹೆಂಡತಿಗೆ ಕೊಡಬೇಕಾದದ್ದು, ಬರೆಯುತ್ತಾರೆ. ನಮಗೆ ಅಂಥದ್ದಿಲ್ಲ. ಹಾಗಂತ ಕಾಗದ ದಂಡ ಅಲ್ಲ. ಯಾವುದು ಯಾರದು, ಯಾರ ದುಡ್ಡಿನಿಂದ ಬಂತು ಅನ್ನೋದಕ್ಕೆ ಇಬ್ಬರೂ ಸಹಿ ಮಾಡಿದ ಸಾಕ್ಷಿ ಅದು. ಅಷ್ಟಕ್ಕೇ ಮಾಡಿಸಿ.

ನನ್ನ ಮೊದಲ ಪ್ರಯತ್ನ ಕೆಟ್ಟಿತು. ಪರಿಚಯದ ಟೈಪಿಂಗ್ ಅಂಗಡಿಯವರು ಇಂಟರ್ನೆಟ್‌ನಿಂದ ಇಳಿಸಿದ ಇಂಗ್ಲಿಷ್ ನಮೂನೆಗೆ ನಮ್ಮ ಹೆಸರು ತುಂಬಿ ಕೊಟ್ಟಿದ್ದರು. ಮಗಳು ಓದಿ ನಕ್ಕಳು. "ಅವ್ವಾ, ಇಲ್ಲಿ ಕ್ಯಾಲಿಫೋರ್ನಿಯಾ ಕಾನೂನು ಅಂತೈತಿ!" ಇಬ್ಬರಿಗೂ ಅರ್ಥವಾಗುವ ಕನ್ನಡದಲ್ಲೇ ಬರೆಸಿ. ಅರ್ಥವಾಗದೆ ಸಹಿ ಮಾಡಿದೆ ಅಂತ ನಾಳೆ ಯಾರೂ ಹೇಳಬಾರದು, ಅಲ್ವಾ?

ಶುರು ಮಾಡಬೇಕಾದದ್ದು ಕಾರ್ಡ್ ಪ್ರಿಂಟ್ ಆಗುವ ಮೊದಲು. ಹಂದರ ಹಾಕಿದ ಮೇಲೆ ಕಾಗದ ಮುಂದಿಟ್ಟರೆ ಅದು ಒತ್ತಾಯ. ಒತ್ತಾಯದ ಸಹಿಗೆ ಬೆಲೆ ಇಲ್ಲ. ನಾವು ಮೂರು ತಿಂಗಳು ಮೊದಲು ಕೂತೆವು, ಉಣಕಲ್ ಕೆರೆ ದಂಡೆಯಲ್ಲಿ, ಗಿರ್ಮಿಟ್ ಪೊಟ್ಟಣ ಹಿಡಿದುಕೊಂಡು. ಹಿರಿಯರನ್ನು ಕರೆಯಲಿಲ್ಲ. ಮೊದಲು ನನ್ನ ಸಾಲವನ್ನೇ ನಾನು ಹೇಳಿದೆ. ಕೇಳುವವರು ಮೊದಲು ಹೇಳಿದರೆ ಎದುರಿನವರ ಬಾಯಿ ಬಿಚ್ಚುತ್ತದೆ.

ಬಾಯಿಮಾತಿಗಿಂತ ಕಾಗದ ನೋಡಿ. ಹೊಲಕ್ಕೆ ಉತಾರ (ಪಹಣಿ), ಅದರಲ್ಲಿ ಬ್ಯಾಂಕಿನ ಬೋಜಾ, ಅಂದರೆ ಸಾಲದ ಹೊರೆ, ಇದ್ದರೆ ಕಾಣುತ್ತದೆ. ಮನೆಗೆ ಇಸಿ, ಅಂದರೆ ಋಣಭಾರ ಪ್ರಮಾಣಪತ್ರ. ಸಾಲಕ್ಕೆ ಸಿಬಿಲ್ ವರದಿ, ಅಂದರೆ ಒಬ್ಬರ ಹೆಸರಿಗಿರುವ ಸಾಲಗಳ ದಾಖಲೆ, ವರ್ಷಕ್ಕೊಮ್ಮೆ ಪುಕ್ಕಟೆ ಸಿಗುತ್ತದೆ. ನಮ್ಮವರು ಎರಡು ಸಲ ಕೂತಾಗಲೂ "ಪೀಕಿನ ಸಾಲ ಒಂದೇ ಐತ್ರೀ" ಅಂದಿದ್ದರು. ಮೂರನೆಯ ಸಲ ಸಿಬಿಲ್ ಪ್ರಿಂಟ್ ತಂದರು. ಎರಡನೇ ಪುಟದಲ್ಲಿ ಟ್ರ್ಯಾಕ್ಟರ್ ಸಾಲ! ಗೆಳೆಯರಿಗೆ ಜಾಮೀನು ಹಾಕಿದ್ದರು, ಮರೆತೇ ಬಿಟ್ಟಿದ್ದರು. "ಅದು ನನ್ನ ಸಾಲ ಅಲ್ರೀ" ಅಂದರು. ವಕೀಲರು ಒಪ್ಪಲಿಲ್ಲ. ಸಾಲಗಾರ ಕಟ್ಟದಿದ್ದರೆ ಜಾಮೀನುದಾರನೂ ಅಷ್ಟಕ್ಕೇ ಹೊಣೆ, ಕರಾರು ಕಾಯ್ದೆಯ 128ನೇ ಕಲಮು ಅದನ್ನೇ ಹೇಳುತ್ತದೆ. ಅವರು ಮೋಸ ಮಾಡಿದ್ದಲ್ಲ. ನಮ್ಮ ಕಡೆ ಗಂಡಸರಿಗೆ ಜಾಮೀನು ಅಂದರೆ ಚಹಾ ಕುಡಿಸಿದ ಹಾಗೆ, ಲೆಕ್ಕಕ್ಕೇ ಇಲ್ಲ. ಆ ಜಾಮೀನನ್ನು ಹಾಳೆಯಲ್ಲಿ ಬರೆದೆವು. ರೊಟ್ಟಿ ಕೇಂದ್ರಕ್ಕೂ ಅದಕ್ಕೂ ಸಂಬಂಧ ಇಲ್ಲ ಅಂತಲೂ ಬರೆದೆವು. ಆದರೆ ಇಂಥ ಸಾಲು ನಮ್ಮಿಬ್ಬರ ನಡುವೆ ಮಾತ್ರ, ಬ್ಯಾಂಕನ್ನು ಕಟ್ಟಿಹಾಕುವುದಿಲ್ಲ. ಅದಕ್ಕೇ ಅಂಗಡಿಯ ಖಾತೆ, ಸಾಲ, ಲೈಸೆನ್ಸು ನನ್ನೊಬ್ಬಳ ಹೆಸರಿಗೇ ಇಟ್ಟೆ.

ಬಂಗಾರ ಬರೆಯುವಾಗ ತೊಲಿ ಅನ್ನಬೇಡಿ. ಈಗಿನವರಿಗೆ ತೊಲಿ ಅಂದರೆ 10 ಗ್ರಾಂ, ನಮ್ಮ ಅಜ್ಜಿಗೆ 11.66. ಐದು ತೊಲಿಗೆ 8 ಗ್ರಾಂ ಜಗಳ. ಗ್ರಾಂ ಬರೆಯಿರಿ, ಫೋಟೋ ಅಂಟಿಸಿ, ಬಿಲ್ ಇಡಿ. 2023ರ ಏಪ್ರಿಲ್‌ನಿಂದ ಮಾರುವ ಹಾಲ್‌ಮಾರ್ಕ್ ಒಡವೆಯ ಮೇಲೆ ಆರು ಅಕ್ಷರ-ಅಂಕಿಯ ಎಚ್‌ಯುಐಡಿ, ಅಂದರೆ ಆ ಒಡವೆಯದೇ ಗುರುತಿನ ಸಂಖ್ಯೆ, ಇರುತ್ತದೆ, ಅದನ್ನೂ ಬರೆಯಿರಿ. ಹೆಣ್ಣಿಗೆ ಬಂದದ್ದು ಅವಳ ಸ್ತ್ರೀಧನ, ಅವಳದೇ ಸ್ವಂತ ಆಸ್ತಿ. ಗಂಡ ಬರೀ ಕಾಯುವವನು ಅಂತ ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. ಲಗ್ನದಲ್ಲಿ ಬಂದ ಉಡುಗೊರೆಗೆ ಬೇರೆ ಯಾದಿಯೇ ಇರಬೇಕು. ಏನು, ಅಂದಾಜು ಬೆಲೆ, ಕೊಟ್ಟವರು ಯಾರು, ಏನಾಗಬೇಕು ಅಂತ ಬರೆದು ಗಂಡು-ಹೆಣ್ಣು ಇಬ್ಬರೂ ಸಹಿ ಮಾಡಬೇಕು. ಇದಕ್ಕೆ 1985ರ ನಿಯಮವೇ ಇದೆ, ಪಾಲಿಸುವವರು ಕಡಿಮೆ.

ನಮ್ಮ ಕಾಕಾ "ಹುಡುಗನಿಗೆ ಒಂದು ಬೈಕು" ಅಂತ ಒಂದು ಸಾಲು ಸೇರಿಸಲು ಹೊರಟಿದ್ದರು, ರೂಢಿ ಅಂತ. ಹೊಡೆದು ಹಾಕಿಸಿದೆ. 1961ರ ಕಾಯ್ದೆ ಪ್ರಕಾರ ವರದಕ್ಷಿಣೆಯ ಕರಾರೇ ಅಸಿಂಧು, ಕೊಟ್ಟರೂ ತಗೊಂಡರೂ ಅಪರಾಧ. ಕಾಗದದಲ್ಲಿ ಬರೆದರೆ ನಮ್ಮ ಕೈಯಾರೆ ಸಾಕ್ಷಿ ಕೊಟ್ಟಂತೆ.

ಇನ್ನು ಕೆಲವನ್ನು ಬರೆಯಲೇಬೇಡಿ. "ಬಿಟ್ಟರೆ ಜೀವನಾಂಶ ಕೇಳುವುದಿಲ್ಲ" ಅನ್ನೋದು ನಿಲ್ಲುವುದಿಲ್ಲ. ಮಕ್ಕಳು ಯಾರ ಹತ್ತಿರ ಅನ್ನೋದನ್ನು ಕೋರ್ಟ್ ಮಗುವಿನ ಹಿತ ನೋಡಿ ತೀರ್ಮಾನಿಸುತ್ತದೆ. "ಗಂಡ ಸತ್ತರೆ ಹೊಲದಲ್ಲಿ ಪಾಲು ಕೇಳುವುದಿಲ್ಲ" ಅಂತ ಬರೆದುಕೊಡಲು ನಾನೇ ತಯಾರಿದ್ದೆ, ಅವರ ಮಗನ ಸಮಾಧಾನಕ್ಕೆ. ಇನ್ನೂ ಬಾರದ ಪಾಲನ್ನು ಬಿಟ್ಟುಕೊಡಲು ಬರುವುದಿಲ್ಲ ಅಂದರು ವಕೀಲರು. ಅದಕ್ಕೆ ದಾರಿ ಮೃತ್ಯುಪತ್ರ, ಅಂದರೆ ವಿಲ್.

ನನಗೂ ಅದೇ ಬೇಕಿತ್ತು. ಏನೂ ಬರೆಯದೆ ನಾನು ಸತ್ತರೆ ರೊಟ್ಟಿ ಕೇಂದ್ರ ಮಗಳಿಗೂ ಗಂಡನಿಗೂ ಸಮಪಾಲು. ಮಗಳೊಬ್ಬಳಿಗೇ ಹೋಗಲಿ ಅಂತ ಬರೆಸಿದೆ. ಇದಕ್ಕೆ ಛಾಪಾ ಕಾಗದ ಬೇಡ, ಇಬ್ಬರು ಸಾಕ್ಷಿ ಸಾಕು. ನೋಂದಣಿ ನಿಮ್ಮ ಇಷ್ಟ, ನಾನು ಮಾಡಿಸಿದೆ. ಬ್ಯಾಂಕಿನಲ್ಲಿ ನಾಮಿನಿ ಹಾಕಿದ್ದೇನಲ್ಲ ಅನ್ನಬೇಡಿ. ನಾಮಿನಿ ದುಡ್ಡು ಇಸಕೊಳ್ಳುವವರು, ಮಾಲೀಕರಲ್ಲ. ಅವರ ಜಾಮೀನಿನ ಚಿಂತೆಗೆ, ಲಗ್ನವಾದ ಮೇಲೆ ಅವರು 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಜೀವ ವಿಮೆ ಮಾಡಿಸಿದರು. ಅದರ ದುಡ್ಡು ಹೆಂಡತಿ, ಮಕ್ಕಳಿಗೇ. ಸಾಲಗಾರರು ಮುಟ್ಟಲು ಬರುವುದಿಲ್ಲ. ಪಾಲಿಸಿ ತಗೊಳ್ಳುವಾಗಲೇ ಹೇಳಬೇಕು, ಆಮೇಲೆ ಸೇರಿಸಲು ಆಗುವುದಿಲ್ಲ. ಮನೆ, ಹೊಲ ಈಗಲೇ ಕೊಡುವುದಿದ್ದರೆ ದಾನಪತ್ರ ಮಾಡಿಸಿ ಸಬ್‌ರಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು. ಕರಾರಿನಲ್ಲಿ ಒಂದು ಸಾಲು ಬರೆದರೆ ಸಾಲದು.

ವಕೀಲರು ಇಬ್ಬರಿಗೂ ಬೇರೆ ಬೇರೆ ಇರಲಿ, ಖರ್ಚಾದರೂ. ಹೆಣ್ಮಕ್ಕಳಿಗೆ ವರಮಾನ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಪುಕ್ಕಟೆ ಸಲಹೆ ಸಿಗುತ್ತದೆ. 15100ಕ್ಕೆ ಫೋನ್ ಮಾಡಿ ಕೇಳಿ. ಇ-ಸ್ಟಾಂಪ್, ಪ್ರತಿ ಪುಟಕ್ಕೂ ಇಬ್ಬರ ಸಹಿ, ಎರಡೂ ಕಡೆಯಿಂದ ಒಬ್ಬೊಬ್ಬ ಸಾಕ್ಷಿ, ನೋಟರಿ. ನಮ್ಮ ಕಡೆಯ ಸಾಕ್ಷಿ ಕಾಕಾನೇ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಟ್ರ್ಯಾಕ್ಟರಿನ ಸಾಲಿಗೆ ಬಂದಾಗ ತಲೆ ಎತ್ತಿ, "ತಮ್ಮಾ, ನಾನೂ ಎರಡ ಕಡೆ ಜಾಮೀನ ಹಾಕೇನಿ" ಅಂದರು.

ಮೂಲ ಪ್ರತಿ ಇಬ್ಬರ ಹತ್ತಿರವೂ ಒಂದೊಂದಿದೆ. ಹೋದ ಯುಗಾದಿಗೆ ಎರಡನೆಯ ಮಷಿನ್ ತಂದೆವು, ಅದಕ್ಕೆ ಅವರ ದುಡ್ಡೂ ಸೇರಿತ್ತು. ಯಾರದು ಎಷ್ಟು ಅಂತ ಒಂದು ಹಾಳೆ ಬರೆದು, ತಾರೀಖು ಹಾಕಿ, ಇಬ್ಬರೂ ಸಹಿ ಮಾಡಿ, ಬಿಲ್ಲಿನ ಜೊತೆ ಅದಕ್ಕೇ ಪಿನ್ ಹೊಡೆದಿದ್ದೇವೆ.