ಓದುಕೂಟ ಹದಿನೈದು ವರ್ಷ ನಡೆಯಬೇಕೆಂದರೆ

2010ರ ಜುಲೈ ತಿಂಗಳು. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಮಾಳಮಡ್ಡಿಯ ನಮ್ಮ ಮನೆ ಅಟ್ಟದ ಮೇಲೆ ಏಳು ಜನ ಕೂತು ಕುಮಾರವ್ಯಾಸನ ಗದುಗಿನ ಭಾರತದ ಮೊದಲ ಪದ್ಯ ಓದಿದೆವು. ಈಗ ಗದಾಪರ್ವಕ್ಕೆ ಬಂದಿದ್ದೇವೆ. ಎರಡನೇ ಶನಿವಾರ, ನಾಲ್ಕನೇ ಶನಿವಾರ, ಸಂಜೆ ಐದೂವರೆ. ಈ ವೇಳೆ ಒಮ್ಮೆಯೂ ಬದಲಾಗಿಲ್ಲ. ‘ನಮ್ಮೂರಲ್ಲೂ ಇಂಥದ್ದೊಂದು ಮಾಡಬೇಕು, ಹೇಗ್ರಿ?’ ಎಂದು ಕೇಳುವವರಿಗೆ ಬಾಯಿಮಾತಿನಲ್ಲಿ ಹೇಳುತ್ತ ಬಂದದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಪುಸ್ತಕದ ಮಾತು. ನಿಮ್ಮ ಉತ್ಸಾಹಕ್ಕಿಂತ ಉದ್ದವಾದ ಪುಸ್ತಕವನ್ನೇ ಹಿಡಿಯಿರಿ. ಇದಕ್ಕೂ ಮುಂಚೆ ನಾನೊಂದು ಕೂಟ ನಡೆಸಿದ್ದೆ. ಪ್ರತಿ ಸಲ ಹೊಸ ಪುಸ್ತಕ, ಹೊಸ ವಿಷಯ. ಅದು ಹದಿನಾಲ್ಕು ತಿಂಗಳಲ್ಲಿ ನಿಂತಿತು. ಓದು ಬೇಸರವಾಗಿ ನಿಂತದ್ದಲ್ಲ, ‘ಮುಂದಿನ ಸಲ ಏನು’ ಎಂಬ ಪ್ರಶ್ನೆಯಲ್ಲೇ ಅರ್ಧ ಸಂಜೆ ಹೋಗುತ್ತಿತ್ತು. ಒಬ್ಬರು ಸೂಚಿಸಿದ್ದು ಇನ್ನೊಬ್ಬರಿಗೆ ಬೇಡ. ಬೇಡ ಅನ್ನಿಸಿಕೊಂಡವರು ಮುಂದಿನ ಸಲ ಬರುತ್ತಿರಲಿಲ್ಲ. ಗದುಗಿನ ಭಾರತದಲ್ಲಿ ಹತ್ತು ಪರ್ವ, ಎಂಟು ಸಾವಿರಕ್ಕೂ ಹೆಚ್ಚು ಪದ್ಯ. ಸಲಕ್ಕೆ ಇಪ್ಪತ್ತೈದು ಅಂದರೆ ವರ್ಷಕ್ಕೆ ಆರುನೂರು. ಹದಿಮೂರು-ಹದಿನಾಲ್ಕು ವರ್ಷ ‘ಮುಂದೇನು’ ಎಂದು ಯಾರೂ ಕೇಳುವ ಹಾಗೇ ಇಲ್ಲ, ನಿಲ್ಲಿಸಿದ ಪದ್ಯದ ಮುಂದಿನ ಪದ್ಯವೇ ಮುಂದಿನದು. ನೀವು ಪಂಪನನ್ನು ಓದಿ, ವಚನಗಳನ್ನು ಓದಿ, ನಿಮ್ಮಿಷ್ಟ. ಆದರೆ ಒಂದನ್ನೇ ಹಿಡಿಯಿರಿ, ಬಿಡಬೇಡಿ.

ಓದುವ ಕ್ರಮ ಸರಳ. ಒಬ್ಬರು ಪದ್ಯ ಓದುತ್ತಾರೆ, ಪಕ್ಕದವರು ಪದ ಬಿಡಿಸುತ್ತಾರೆ, ಅವರ ಪಕ್ಕದವರು ಅರ್ಥ ಹೇಳುತ್ತಾರೆ. ಆಮೇಲೆ ಮಾತು ಎಲ್ಲರದು. ಈ ಕಾವ್ಯದ ಛಂದಸ್ಸು ಆರು ಸಾಲಿನ ಭಾಮಿನಿ ಷಟ್ಪದಿ; ಅದರ ಲೆಕ್ಕ ಮೊದಲ ದಿನವೇ ಎಲ್ಲರಿಗೂ ಹೇಳಿಕೊಡಿ: ಒಂದು, ಎರಡು, ನಾಲ್ಕು, ಐದನೇ ಸಾಲಿಗೆ ಮೂರು-ನಾಲ್ಕು, ಮೂರು-ನಾಲ್ಕು, ಒಟ್ಟು 14 ಮಾತ್ರೆ. ಮೂರು ಮತ್ತು ಆರನೇ ಸಾಲಿಗೆ ಅದೇ ಮೂರು-ನಾಲ್ಕು ಮೂರು ಸಲ, ಕೊನೆಗೊಂದು ಗುರು, ಒಟ್ಟು 23. ಇದನ್ನು ಕಲಿತವರ ಕೈಯಲ್ಲಿ ಒಂದು ತಕ್ಕಡಿ ಇದ್ದ ಹಾಗೆ. ಓದು ಎಲ್ಲಿ ಎಡವುತ್ತದೋ ಅಲ್ಲಿ ಮಾತ್ರೆ ಎಣಿಸಿದರೆ, ಒಂದೋ ನಾವು ಓದಿದ್ದು ತಪ್ಪು, ಇಲ್ಲವೇ ಅಚ್ಚಿನ ತಪ್ಪು. ದೊಡ್ಡ ಪ್ರೊಫೆಸರರೂ ಹೊಸದಾಗಿ ಬಂದ ಹುಡುಗಿಯೂ ಒಂದೇ ಬೆರಳುಗಳಲ್ಲಿ ಎಣಿಸುತ್ತಾರೆ. ನಮ್ಮಲ್ಲಿ ‘ನನಗೆ ಗೊತ್ತು, ನಿನಗೆ ಗೊತ್ತಿಲ್ಲ’ ಎಂಬ ಅರ್ಧ ಜಗಳ ಹಾಗೆಯೇ ಇಳಿದುಹೋಯಿತು.

ಉಳಿದರ್ಧ ಇಳಿಯಲಿಲ್ಲ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

2016ರಲ್ಲಿ ಉದ್ಯೋಗಪರ್ವ ನಡೆದಿತ್ತು. ಕೃಷ್ಣ ಕರ್ಣನನ್ನು ರಥದಲ್ಲಿ ಕೂರಿಸಿಕೊಂಡು ಹುಟ್ಟಿನ ಗುಟ್ಟು ಹೇಳುವ ಭಾಗ. ಶಾಲೆಯಲ್ಲಿ ಪಾಠವಾಗಿ ಓದಿದವರಿಗೆಲ್ಲ ನೆನಪಿರುತ್ತದೆ. ಅಲ್ಲಿ ಮೊದಲಿಗೇ ‘ಮೈದುನತನದ ಸರಸ’ ಎಂಬ ಮಾತು ಬರುತ್ತದೆ. ನಮ್ಮ ನಿವೃತ್ತ ಹೆಡ್‌ಮಾಸ್ತರರು, ‘ಇದು ಗಾಳದ ತುದಿಯ ಹುಳ, ಬರೀ ತಂತ್ರ’ ಎಂದರು. ಪಕ್ಕದಲ್ಲಿದ್ದವರು ಒಪ್ಪಲಿಲ್ಲ. ‘ಕುಂತಿ ಕೃಷ್ಣನ ಸೋದರತ್ತೆ. ಕರ್ಣ ನಿಜವಾಗಿಯೂ ಮೈದುನನೇ. ಬಾಯಿಂದ ಹೇಳೋದಕ್ಕಿಂತ ಮೊದಲೇ ನಡತೆಯಿಂದ ಸತ್ಯ ಹೇಳ್ತಿದ್ದಾನೆ’ ಎಂದರು. ಎರಡೂ ಎಂಥ ಚೆಂದದ ಮಾತು! ಅಷ್ಟಕ್ಕೇ ನಿಂತಿದ್ದರೆ ಅದು ನಮ್ಮ ಕೂಟದ ಒಳ್ಳೆಯ ಸಂಜೆಗಳಲ್ಲಿ ಒಂದಾಗುತ್ತಿತ್ತು. ಆದರೆ ಮಾಸ್ತರರು, ‘ದೇವರಂದ್ರ ನಿಮ್ಮ ಕಣ್ಣು ಮುಚ್ಚತಾವ್ರಿ’ ಎಂದುಬಿಟ್ಟರು. ಪಕ್ಕದವರು ಪುಸ್ತಕ ಮಡಚಿ, ಚಪ್ಪಲಿ ಕೈಯಲ್ಲೇ ಹಿಡಿದು ಮೆಟ್ಟಿಲಿಳಿದು ಹೋದರು. ನಾನು ಸುಮ್ಮನೆ ನೋಡುತ್ತ ಕೂತಿದ್ದೆ. ಅದು ನನ್ನ ತಪ್ಪು. ಮಾತು ಪದ್ಯದಿಂದ ಮನುಷ್ಯನ ಮೇಲೆ ತಿರುಗಿದ ಆ ಕ್ಷಣದಲ್ಲೇ ನಡೆಸುವವರು ಮುಂದಿನ ಪದ್ಯವನ್ನು ಗಟ್ಟಿಯಾಗಿ ಓದಲು ಶುರು ಮಾಡಬೇಕು. ಯಾರನ್ನೂ ಬೈಯಬೇಕಿಲ್ಲ. ಪದ್ಯ ಓದುವಾಗ ನಡುವೆ ಯಾರೂ ಬಾಯಿ ಹಾಕುವುದಿಲ್ಲ.

ಮರುದಿನ ಬೆಳಿಗ್ಗೆ ಎಂಟಕ್ಕೆ ಇಬ್ಬರ ಮನೆಗೂ ಹೋದೆ. ಇಂಥ ಕೆಲಸ ಮರುದಿನವೇ ಆಗಬೇಕು, ಫೋನಿನಲ್ಲಿ ಆಗುವುದಲ್ಲ, ನಾಲ್ಕು ಜನರ ಮುಂದಂತೂ ಬೇಡವೇ ಬೇಡ. ಕ್ಷಮೆ ಕೇಳಿ ಎಂದು ಯಾರಿಗೂ ಹೇಳಲಿಲ್ಲ. ಮಾಸ್ತರರಿಗೆ, ‘ಮುಂದಿನ ಸಲ ಅವರ ಅರ್ಥವನ್ನ ನೀವು ಹೇಳ್ರಿ, ಅವರು ಹೌದು ಅನ್ನೋ ಹಂಗ’ ಎಂದೆ. ಇನ್ನೊಬ್ಬರಿಗೂ ಅದೇ ಮಾತು. ಎರಡು ವಾರದ ಮೇಲೆ ಇಬ್ಬರೂ ಬಂದರು. ಮಾಸ್ತರರು ಹೇಳಿದ್ದಕ್ಕೆ ಮೂರು ಸಲ ‘ಅಲ್ಲ’ ಎಂದ ಮೇಲೆ ನಾಲ್ಕನೇ ಸಲ ಅವರು ‘ಹೌದು’ ಎಂದರು. ಅವತ್ತಿನಿಂದ ನಮ್ಮಲ್ಲಿ ಅದೇ ನಿಯಮ: ವಿರೋಧಿಸುವ ಮೊದಲು ಎದುರಿನವರ ಮಾತನ್ನು ಅವರು ಒಪ್ಪುವ ಹಾಗೆ ಹೇಳಬೇಕು. ಬೇರೆ ನಿಯಮ ಬರೆದಿಟ್ಟಿಲ್ಲ. ನೀವೂ ಶುರುವಿನಲ್ಲೇ ಹತ್ತು ನಿಯಮ ಬರೆಯಬೇಡಿ. ಒಂದು ಪೆಟ್ಟು ಬಿದ್ದ ಮೇಲೆ ಒಂದು ನಿಯಮ ಸಾಕು.

ಮಾತಾಡದವರ ಬಗ್ಗೆಯೂ ಹೇಳಬೇಕು. ನವಲಗುಂದದ ಕಡೆಯ ಒಕ್ಕಲುತನದ ಮನೆಯಿಂದ ಬಂದ ಒಬ್ಬ ಹೆಣ್ಣುಮಗಳು ಬಾಗಿಲ ಹತ್ತಿರವೇ ಕೂರುತ್ತಿದ್ದರು. ಸರದಿ ಬಂದರೆ ‘ನಾ ಒಲ್ಲೆರಿ’ ಎಂದು ಪುಸ್ತಕ ದಾಟಿಸುತ್ತಿದ್ದರು. ಒತ್ತಾಯ ಮಾಡಲಿಲ್ಲ. ಅದೇ ಕರ್ಣನ ಭಾಗದಲ್ಲಿ, ಕೃಷ್ಣನ ಮಾತು ಕೇಳಿ ಕರ್ಣನ ‘ಕೊರಳ ಸೆರೆ ಹಿಗ್ಗಿದವು’ ಎಂದು ಬರುತ್ತದೆ. ಕಾಲೇಜಿನ ಹುಡುಗನೊಬ್ಬ ಸೆರೆ ಅಂದರೆ ಜೈಲು ಎಂದುಕೊಂಡು ತೊಡಕಿಗೆ ಬಿದ್ದ. ನಾನು 1894ರ ಕಿಟೆಲ್ ನಿಘಂಟು ತೆಗೆಯಲು ಕಪಾಟಿನ ಕಡೆ ಎದ್ದೆ. ಬಾಗಿಲ ಹತ್ತಿರದಿಂದ ಧ್ವನಿ ಬಂತು: ‘ಗಳೇ ಹೂಡಿದ ಎತ್ತು ದಿಣ್ಣಿ ಏರೋಮುಂದ ಕೊರಳಾಗ ನರ ಉಬ್ಬತಾವಲ್ರಿ, ಅದು ಸೆರಿ.’ ನಿಘಂಟಿನಲ್ಲಿ ನರ ಎಂಬ ಅರ್ಥ ಇದ್ದೇ ಇತ್ತು. ಎತ್ತು ಅಲ್ಲಿ ಎಲ್ಲಿಂದ ಬರಬೇಕು? ಹೇಳಲಾರದೆ, ನುಂಗಲಾರದೆ ಭಾರ ಎಳೆಯುತ್ತಿರುವ ಕರ್ಣ ಆ ಮಾತಿನಲ್ಲಿ ನಮ್ಮೆಲ್ಲರ ಕಣ್ಣಿಗೆ ಬಿದ್ದ. ಇಂಥವರು ಬಂದು ಸುಮ್ಮನೆ ಕೂರಲು ಜಾಗ ಇರಲಿ. ‘ನೀವೇನೂ ಹೇಳಲಿಲ್ಲವಲ್ಲ’ ಎಂದು ಯಾರನ್ನೂ ಕೇಳಬೇಡಿ.

ದುಡ್ಡು ಕೂಡಿಸಬೇಡಿ. ಚಹಾ, ಚುರಮರಿ, ಮಳೆಗಾಲವಾದರೆ ಮಿರ್ಚಿ ಭಜಿ, ಇವು ಸರದಿಯ ಮೇಲೆ ಬರಲಿ. ನೋಂದಣಿ, ಪದಾಧಿಕಾರಿಗಳು, ವಾರ್ಷಿಕೋತ್ಸವಕ್ಕೆ ಮುಖ್ಯ ಅತಿಥಿ ಎಂಬ ಸಲಹೆಗಳು ಬರುತ್ತವೆ, ಪ್ರೀತಿಯಿಂದಲೇ ಬೇಡ ಅನ್ನಿ. ನಾವು ಮಾಡಿದ ಒಂದೇ ವಿಶೇಷ ಅಂದರೆ ಉದ್ಯೋಗಪರ್ವ ಮುಗಿದಾಗ ಬೆಳಗಿನ ಬಸ್ಸು ಹಿಡಿದು ಗದುಗಿಗೆ ಹೋಗಿ, ವೀರನಾರಾಯಣ ಗುಡಿಯ ಕುಮಾರವ್ಯಾಸನ ಕಂಬದ ಹತ್ತಿರ ಕೂತು ಓದಿದ್ದು.

ಒಂದು ವಹಿ ಇಡಿ. ತಾರೀಖು, ಯಾವ ಸಂಧಿಯ ಎಷ್ಟನೇ ಪದ್ಯದಿಂದ ಎಲ್ಲಿಯವರೆಗೆ, ಯಾರು ಓದಿದರು, ಯಾವ ಪದಕ್ಕೆ ಅರ್ಥ ಸಿಗಲಿಲ್ಲ. ಇಷ್ಟೇ. ಹಾಜರಿ ಬರೆಯಬೇಡಿ. ಎರಡು ಸಲ ಬಾರದವರಿಗೆ ಭಾನುವಾರ ಫೋನ್ ಮಾಡಿ, ಯಾಕೆ ಬರಲಿಲ್ಲ ಎಂದು ಕೇಳಬೇಡಿ, ಎಲ್ಲಿಯವರೆಗೆ ಓದಿದೆವು ಅಷ್ಟು ಹೇಳಿ. 2020ರ ಲಾಕ್‌ಡೌನಿನಲ್ಲಿ ಫೋನ್ ಕಾನ್ಫರೆನ್ಸಿನಲ್ಲೇ ಹತ್ತು ಹತ್ತು ಪದ್ಯ ಓದಿದೆವು. ಚರ್ಚೆ ಆಗುತ್ತಿರಲಿಲ್ಲ, ಧ್ವನಿ ಕಡಿದು ಹೋಗುತ್ತಿತ್ತು, ಆದರೂ ಶನಿವಾರ ಬಿಡಲಿಲ್ಲ. ಮೊದಲ ಏಳು ಜನರಲ್ಲಿ ಇಬ್ಬರು ಈಗ ಇಲ್ಲ. ಅವರ ಪುಸ್ತಕಗಳನ್ನು ಮನೆಯವರು ಕೂಟಕ್ಕೇ ಕೊಟ್ಟಿದ್ದಾರೆ. ಅಂಚಿನಲ್ಲಿ ಅವರ ಪೆನ್ಸಿಲ್ ಗುರುತುಗಳಿವೆ. ಹೊಸಬರಿಗೆ ಆ ಪ್ರತಿಗಳನ್ನೇ ಕೊಡುತ್ತೇವೆ.

ಕೊನೆಯದಾಗಿ, ವರ್ಷಕ್ಕೊಮ್ಮೆ ನೀವು ಬೇಕಂತಲೇ ಹೋಗಬೇಡಿ. ಕೀಲಿಕೈ ಬೇರೆಯವರಿಗೆ ಕೊಟ್ಟು ಊರು ಬಿಟ್ಟು ಹೋಗಿ. ಮೊದಲ ಸಲ ಹೀಗೆ ಮಾಡಿದಾಗ ನನಗೆ ನಿದ್ದೆ ಬರಲಿಲ್ಲ. ಕಳೆದ ಸಲ ಮಗಳ ಊರಿನಿಂದ ವಾಪಸು ಬಂದು ವಹಿ ತೆಗೆದು ನೋಡಿದೆ. ಕಾಲೇಜಿನ ಹುಡುಗನ ಅಕ್ಷರ. ಇಪ್ಪತ್ತೈದರ ಬದಲು ಮೂವತ್ತೊಂದು ಪದ್ಯ ಓದಿದ್ದರು. ಎರಡು ಪದಕ್ಕೆ ಅರ್ಥ ಸಿಕ್ಕಿಲ್ಲ ಎಂದು ಬರೆದು, ಅಡಿಗೆರೆ ಎಳೆದು, ಪಕ್ಕದಲ್ಲಿ ನನ್ನ ಹೆಸರು ಹಾಕಿದ್ದರು. ಒಂದು ಸಿಕ್ಕಿದೆ, ಇನ್ನೊಂದನ್ನು ಹುಡುಕುತ್ತಿದ್ದೇನೆ.