ಹೈಬ್ರಿಡ್ ಕಾರಿನ ಆವರೇಜ್: ಲೆಕ್ಕ ತಪ್ಪದಂತೆ ಹಾಕುವುದು ಹೇಗೆ?

"ಇಪ್ಪತ್ತೆಂಟು ಕೊಡ್ತದ ಅಂದಿದ್ರು, ಹದಿನೈದೂ ಬರವಲ್ದು. ಮಾರಿಬಿಡ್ತೀನ್ರಿ."

ಕಲಬುರಗಿಯ ನಮ್ಮ ಓಣಿಯ ಹಿರಿಯರೊಬ್ಬರು ಹೋದ ಬೇಸಿಗೆಯಲ್ಲಿ ಹೀಗೆಂದಾಗ ಪೆಟ್ರೋಲ್ ಎಂಜಿನ್ನಿನ ಜೊತೆ ಬ್ಯಾಟರಿ, ಮೋಟಾರೂ ಇರುವ ಅವರ ಹೈಬ್ರಿಡ್ ಕಾರಿಗೆ ಆರು ತಿಂಗಳೂ ತುಂಬಿರಲಿಲ್ಲ. ಲೆಕ್ಕ ಹೇಗೆ ಹಾಕಿದಿರಿ ಎಂದು ಕೇಳಿದೆ. ಒಂದು ಸಲ ಸಾವಿರ ರೂಪಾಯಿ ಪೆಟ್ರೋಲ್ ಹಾಕಿಸುವುದು, ಗೀಟು ಇಳಿದಾಗ ಮತ್ತೆ ಸಾವಿರ ಹಾಕಿಸುವುದು, ನಡುವೆ ಓಡಿದ್ದು ಅಂದಾಜು. ಇಬ್ಬರೂ ಕೂಡಿ ಎರಡು ತಿಂಗಳು ಸರಿಯಾಗಿ ಅಳೆದೆವು. ಅದೇ ಕಾರು ಲೀಟರಿಗೆ 21 ಕಿ.ಮೀ. ಮೇಲೆ ಕೊಡುತ್ತಿತ್ತು. ಕಾರು ಈಗಲೂ ಅವರ ಅಂಗಳದಲ್ಲೇ ಇದೆ. ಇಂಥ ತಪ್ಪು ಲೆಕ್ಕ ನಾನು ನೋಡಿದ್ದು ಅವರೊಬ್ಬರದ್ದೇ ಅಲ್ಲ, ಅದಕ್ಕೇ ಈ ಬರಹ.

ಹಂತ 1: ನಿಮ್ಮದು ಯಾವ ಹೈಬ್ರಿಡ್?

ಎರ್ಟಿಗಾದಂಥ ಕಾರುಗಳ 'ಸ್ಮಾರ್ಟ್ ಹೈಬ್ರಿಡ್' ಮೈಲ್ಡ್ ಜಾತಿಯದು. ಅದರ ಪುಟ್ಟ ಮೋಟಾರು ಎಂಜಿನ್ನಿಗೆ ಕೈಜೋಡಿಸುತ್ತದೆಯೇ ಹೊರತು ತಾನೇ ಕಾರನ್ನು ಎಳೆಯಲಾರದು. ಗ್ರ್ಯಾಂಡ್ ವಿಟಾರಾ ಮತ್ತು ಹೈರೈಡರ್‌ನ ಹೈಬ್ರಿಡ್ ಮಾದರಿಗಳು, ಇನ್ನೋವಾ ಹೈಕ್ರಾಸ್, ಹೋಂಡಾ ಸಿಟಿ ಇ-ಎಚ್‌ಇವಿ ಸ್ಟ್ರಾಂಗ್ ಹೈಬ್ರಿಡ್‌ಗಳು. ಇವು ಎಂಜಿನ್ ಆರಿಸಿ ಬರೀ ಬ್ಯಾಟರಿಯಲ್ಲೂ ಒಂದಿಷ್ಟು ದೂರ ಸಾಗುತ್ತವೆ. ಮುಂದೆ ಹೇಳುವುದೆಲ್ಲ ಸ್ಟ್ರಾಂಗ್ ಹೈಬ್ರಿಡ್‌ಗೆ.

ಹಂತ 2: ಕಂಪನಿ ಹೇಳುವ ಅಂಕಿಯನ್ನು ಪಕ್ಕಕ್ಕಿಡಿ

ಗ್ರ್ಯಾಂಡ್ ವಿಟಾರಾ ಹೈಬ್ರಿಡ್‌ನ ಜಾಹೀರಾತಿನಲ್ಲಿರುವ 27.97 ಸುಳ್ಳಲ್ಲ. ಆದರೆ ಅದು ಪ್ರಯೋಗಾಲಯದಲ್ಲಿ ಉರುಳೆಗಳ ಮೇಲೆ ಕಾರು ಓಡಿಸಿ, ಎಸಿ ಬಂದ್ ಮಾಡಿ, ಗಂಟೆಗೆ 90 ಕಿ.ಮೀ. ದಾಟದೆ ಅಳೆದದ್ದು. ಮೇ ತಿಂಗಳ 42 ಡಿಗ್ರಿಯಲ್ಲಿ ಎಸಿ ಹಾಕದೆ ನಮ್ಮೂರಿನ ಸೂಪರ್ ಮಾರ್ಕೆಟ್ ಪ್ರದೇಶ ದಾಟುವವರು ಯಾರಿದ್ದಾರೆ? ಮೇಲಾಗಿ ಈಗ ಪಂಪಿನಲ್ಲಿ ಬರುವುದು ಶೇ 20 ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್‌ನಲ್ಲಿ ಶಕ್ತಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಆ ಇಳಿಕೆಯೂ ನಿಮ್ಮ ಲೆಕ್ಕದಲ್ಲಿ ಕಾಣಿಸಿಯೇ ತೀರುತ್ತದೆ. 27.97 ಬೇರೆ ಕಾರಿನೊಂದಿಗೆ ಹೋಲಿಸಿ ನೋಡಲು ಸಾಕು, ನಿಮ್ಮ ಮನೆಯ ಖರ್ಚಿಗೆ ಸಾಲದು.

ಹಂತ 3: ಟಾಕಿಯಿಂದ ಟಾಕಿಗೆ ಅಳೆಯಿರಿ

ಹೆಚ್ಚಿನವರು ಕೆಡಿಸಿಕೊಳ್ಳುವುದು ಇಲ್ಲೇ. ಒಂದೊಂದನ್ನೂ ಹೇಳಿದಂತೆಯೇ ಮಾಡಿ.

ಒಂದು ಪಂಪು ಗೊತ್ತು ಮಾಡಿಕೊಳ್ಳಿ. ಪ್ರತಿ ಸಲವೂ ಅದೇ ಪಂಪು, ಅದೇ ಯಂತ್ರ, ಕಾರು ನಿಲ್ಲಿಸುವ ದಿಕ್ಕೂ ಅದೇ. ನೆಲ ಒಂದು ಕಡೆ ವಾಲಿದ್ದರೆ ಟಾಕಿ ತುಂಬುವ ಮಟ್ಟವೇ ಬದಲಾಗುತ್ತದೆ. ನಾನು ಬೆಳಿಗ್ಗೆ ಆರೂವರೆಗೆ ಹೋಗುತ್ತೇನೆ. ಬೆಳಗಿನ ತಂಪಿಗೆ ಪೆಟ್ರೋಲ್ ಗಟ್ಟಿಯಾಗಿರುತ್ತದೆ ಎಂಬ ನಂಬಿಕೆಯಿಂದಲ್ಲ. ಪಂಪಿನ ಟಾಕಿ ನೆಲದೊಳಗಿರುವುದರಿಂದ ಆ ಫರಕು ಲೆಕ್ಕಕ್ಕೆ ಬಾರದಷ್ಟು ಸಣ್ಣದು. ಬೆಳಿಗ್ಗೆ ಗದ್ದಲ ಇರುವುದಿಲ್ಲ, ಹಾಕುವ ಹುಡುಗ ಅವಸರ ಮಾಡುವುದಿಲ್ಲ, ಅಷ್ಟೇ.

"ಫುಲ್ ಮಾಡು, ಮೊದಲನೇ ಕಟ್‌ಗೆ ನಿಲ್ಲಿಸು" ಎಂದು ಬಾಯಿಬಿಟ್ಟು ಹೇಳಿ. ಟಾಕಿ ತುಂಬಿದಾಗ ಪಂಪಿನ ನಳಿಗೆ ಮೊದಲ ಸಲ ತಾನೇ ನಿಲ್ಲುವುದೇ ಆ ಕಟ್. ಹೇಳದಿದ್ದರೆ ಅವನು 2,740ಕ್ಕೆ ನಿಂತದ್ದನ್ನು ಚಿಲ್ಲರೆ ತಪ್ಪಿಸಲು 2,900ಕ್ಕೆ ಒಯ್ಯುತ್ತಾನೆ. ಆ ಹೆಚ್ಚಿನ 160 ರೂಪಾಯಿ ಎಂದರೆ ಒಂದೂವರೆ ಲೀಟರ್. 500 ಕಿ.ಮೀ.ಗೆ 25 ಲೀಟರ್ ಕುಡಿದ ಕಾರು 20 ಕೊಟ್ಟಿದೆ. ಅದನ್ನೇ 26.5 ಎಂದು ಬರೆದುಕೊಂಡರೆ 18.9 ಆಗುತ್ತದೆ. ಕಾರು ಅದೇ, ರಸ್ತೆ ಅದೇ, ಕೆಟ್ಟ ಹೆಸರು ಮಾತ್ರ ಕಾರಿಗೆ. ಜೊತೆಗೆ ಕುತ್ತಿಗೆವರೆಗೂ ತುಂಬಿಸಿದ ಪೆಟ್ರೋಲ್ ಆವಿ ಹೀರುವ ಇದ್ದಿಲಿನ ಡಬ್ಬಿಗೆ ಇಳಿದರೆ ಅದು ಕೆಡುತ್ತದೆ, ಆ ರಿಪೇರಿ ಅಗ್ಗದ್ದಲ್ಲ.

ಟಾಕಿ ತುಂಬಿದ ಕೂಡಲೇ, ಪಂಪು ಬಿಡುವ ಮೊದಲೇ, ಓಡಿದ ದೂರ ಎಣಿಸುವ 'ಟ್ರಿಪ್ ಎ' ಮೀಟರನ್ನು ಸೊನ್ನೆ ಮಾಡಿ. ಅದನ್ನು ಬೇರೆ ಯಾವುದಕ್ಕೂ ಮುಟ್ಟಬೇಡಿ. ಬೀದರ್‌ಗೆ ಎಷ್ಟು ದೂರ ಎಂದು ನೋಡುವ ಆಸೆ ಇದ್ದರೆ 'ಟ್ರಿಪ್ ಬಿ' ಇದೆ.

ಮುಂದಿನ ಸಲ ಹಾಕಿಸುವ ಮೊದಲು ಕನಿಷ್ಠ 400 ಕಿ.ಮೀ. ಓಡಲಿ. ಐವತ್ತು ಕಿಲೋಮೀಟರಿನ ಅಳತೆ ಹೈಬ್ರಿಡ್‌ನಲ್ಲಿ ಮೋಸ ಮಾಡುತ್ತದೆ. ಬ್ಯಾಟರಿ ತುಂಬಿದ್ದಾಗ ಹೊರಟರೆ ಪರದೆಯ ಮೇಲೆ 35 ಕಾಣುತ್ತದೆ, ಖಾಲಿ ಇದ್ದಾಗ ಹೊರಟರೆ 17. ಶೋರೂಮಿನ ಟೆಸ್ಟ್ ಡ್ರೈವ್‌ನಲ್ಲಿ ಕಂಡ ಅಂಕಿಯನ್ನು ನಂಬಿ ಬುಕ್ ಮಾಡಬೇಡಿ ಎನ್ನುವುದು ಇದಕ್ಕೇ.

ಮತ್ತೆ ಅದೇ ಪಂಪಿಗೆ ಬಂದು ಮೊದಲ ಕಟ್‌ಗೆ ನಿಲ್ಲಿಸಿ. ಬಿಲ್ಲಿನಲ್ಲಿರುವ ಲೀಟರನ್ನು ಎರಡು ದಶಾಂಶದವರೆಗೂ ಬರೆದುಕೊಳ್ಳಿ. ರೂಪಾಯಿ ಬೇಡ, ದರ ಬದಲಾಗುತ್ತಿರುತ್ತದೆ. ಟ್ರಿಪ್ ಎ ಕಿಲೋಮೀಟರನ್ನು ಈ ಲೀಟರಿನಿಂದ ಭಾಗಿಸಿದರೆ ಸಿಗುವುದೇ ಆ ಟಾಕಿಯ ಆವರೇಜ್.

ಒಂದು ಟಾಕಿಗೆ ತೀರ್ಪು ಕೊಡಬೇಡಿ, ಮೂರು ಬೇಕು. ಆ ಮೂರನ್ನು ಕೂಡಿಸುವಲ್ಲಿ ಓದಿದವರೂ ಎಡವುತ್ತಾರೆ. ಎರಡೇ ಅಳತೆಯ ಉದಾಹರಣೆ ನೋಡಿ: ಊರೊಳಗೆ 120 ಕಿ.ಮೀ.ಗೆ 5 ಲೀಟರ್ ಹೋಯಿತು, ಆವರೇಜ್ 24. ಹೈದರಾಬಾದ್ ರಸ್ತೆಯಲ್ಲಿ ಜೋರಾಗಿ ಓಡಿಸಿ 540 ಕಿ.ಮೀ.ಗೆ 30 ಲೀಟರ್, ಆವರೇಜ್ 18. ಎರಡನ್ನೂ ಕೂಡಿಸಿ ಅರ್ಧ ಮಾಡಿ 21 ಎನ್ನುತ್ತಾರೆ. ತಪ್ಪು. ಒಟ್ಟು 660 ಕಿ.ಮೀ., ಒಟ್ಟು 35 ಲೀಟರ್, ಅಂದರೆ 18.86. ಕಿಲೋಮೀಟರ್ ಎಲ್ಲ ಕೂಡಿಸಿ, ಲೀಟರ್ ಎಲ್ಲ ಕೂಡಿಸಿ, ಕೊನೆಗೆ ಒಂದೇ ಸಲ ಭಾಗಿಸಿ.

ಲೆಕ್ಕ ಪೂರ್ತಿ ಹಾಳಾಗುವುದು ಮನೆಯವರಿಂದ. ಮಗ ಜೇವರ್ಗಿಗೆ ಹೋದಾಗ ದಾರಿಯಲ್ಲಿ 500 ರೂಪಾಯಿದು ಹಾಕಿಸಿರುತ್ತಾನೆ, ಹೇಳಿರುವುದಿಲ್ಲ. ನೀವು ಮುಂದಿನ ವಾರ ಟಾಕಿ ತುಂಬಿಸಿ 26 ಬಂತೆಂದು ಸಂತೋಷಪಡುತ್ತೀರಿ. ನಮ್ಮ ಮನೆಯಲ್ಲೂ ಎರಡು ಟಾಕಿಯ ಲೆಕ್ಕ ಹೀಗೇ ಹೋಯಿತು. ಈಗ ಪೆಟ್ರೋಲ್ ಮುಚ್ಚಳದ ಒಳಬದಿಗೆ 'ಲೀಟರ್ ಬರೆ' ಎಂದು ಚೀಟಿ ಅಂಟಿಸಿದ್ದೇನೆ, ಡ್ಯಾಶ್‌ಬೋರ್ಡಿನಲ್ಲಿ ಪುಟ್ಟ ವಹಿ ಇದೆ.

ಪರದೆ ತೋರಿಸುವ ಆವರೇಜನ್ನೂ ಪಕ್ಕದಲ್ಲೇ ಬರೆಯುತ್ತ ಹೋಗಿ. ನನ್ನ ಕಾರಿನಲ್ಲಿ ಪರದೆ 23.6 ಅಂದಾಗ ವಹಿ 22.1 ಅನ್ನುತ್ತದೆ. ಈ ಅಂತರ ಒಮ್ಮೆ ಗೊತ್ತಾದರೆ ಆಮೇಲೆ ಪರದೆಯಿಂದಲೇ ನಿಜ ಲೆಕ್ಕ ಊಹಿಸಬಹುದು. ಇಡೀ ಅಳತೆಯನ್ನು ಮೇನಲ್ಲೊಮ್ಮೆ, ಡಿಸೆಂಬರ್‌ನಲ್ಲೊಮ್ಮೆ ಮಾಡಿ. ಎಸಿಯ ಖರ್ಚು ಆಗಲೇ ಬಿಡಿಯಾಗಿ ಕಣ್ಣಿಗೆ ಬೀಳುತ್ತದೆ.

ಹಂತ 4: ಕಿಲೋಮೀಟರಿಗೆ ಎಷ್ಟು?

ಪೆಟ್ರೋಲ್ ದರವನ್ನು ಆವರೇಜಿನಿಂದ ಭಾಗಿಸಿ. ಲೀಟರಿಗೆ 103 ಎಂದಿಟ್ಟುಕೊಂಡರೆ 22 ಕೊಡುವ ಹೈಬ್ರಿಡ್‌ಗೆ ಕಿಲೋಮೀಟರಿಗೆ 4.68 ರೂಪಾಯಿ, 16 ಕೊಡುವ ಪೆಟ್ರೋಲ್ ಆಟೊಮ್ಯಾಟಿಕ್‌ಗೆ 6.44. ಉಳಿತಾಯ 1.76. ಹೋಲಿಕೆ ಆಟೊಮ್ಯಾಟಿಕ್ ಜೊತೆಗೇ ಇರಲಿ, ಏಕೆಂದರೆ ಹೈಬ್ರಿಡ್‌ನಲ್ಲಿ ಕ್ಲಚ್ ಪೆಡಲ್ ಇಲ್ಲ. ಗೇರಿನ ಕಾರಿನ ಬೆಲೆ ಹಿಡಿದು ಹೈಬ್ರಿಡ್ ದುಬಾರಿ ಎನ್ನುವುದು ನ್ಯಾಯವಲ್ಲ.

ಇನ್ನು ಬೆಲೆಯ ಅಂತರ. ಶೋರೂಮ್ ಬೆಲೆ ಹಿಡಿಯಬೇಡಿ, ಆನ್‌ರೋಡ್ ಬೆಲೆ ಹಿಡಿಯಿರಿ. ಕರ್ನಾಟಕದಲ್ಲಿ ಜೀವಾವಧಿ ತೆರಿಗೆ ಕಾರಿನ ಬೆಲೆಯ ಮೇಲೆ ಬೀಳುವುದರಿಂದ ಹೆಚ್ಚು ಬೆಲೆಯ ಕಾರಿಗೆ ತೆರಿಗೆಯೂ ಹೆಚ್ಚು, ವಿಮೆಯೂ ಹೆಚ್ಚು. ಅಂತರ 2 ಲಕ್ಷ ಎಂದರೆ ಅದು ವಾಪಸ್ ಬರಲು 1,13,000 ಕಿ.ಮೀ.ಗಿಂತ ತುಸು ಹೆಚ್ಚು ಓಡಬೇಕು. ಸೇಡಂ, ಯಾದಗಿರಿ ಎಂದು ವರ್ಷಕ್ಕೆ 25,000 ಓಡುವವರಿಗೆ ನಾಲ್ಕೂವರೆ ವರ್ಷ. ಮನೆ, ಆಫೀಸು, ಶರಣಬಸವೇಶ್ವರ ಗುಡಿ ಎಂದು ವರ್ಷಕ್ಕೆ 8,000 ಓಡುವವರಿಗೆ ಹದಿನಾಲ್ಕು ವರ್ಷ. ಅಂಥವರು ಹಣ ಉಳಿಸಲೆಂದು ಹೈಬ್ರಿಡ್ ಕೊಳ್ಳುವುದು ಬೇಡ. ಎಂಜಿನ್ ಸದ್ದಿಲ್ಲದ ಆರಾಮಕ್ಕಾಗಿ ಕೊಳ್ಳುವುದಾದರೆ ಕೊಳ್ಳಲಿ.

ಹಂತ 5: ಬ್ಯಾಟರಿಯ ಮೂಗು ಕಟ್ಟದಂತೆ ನೋಡಿಕೊಳ್ಳಿ

ಶಹಾಬಾದ್ ಕಲ್ಲಿನ ಪುಡಿ, ಸೇಡಂ ಕಡೆಯ ಸಿಮೆಂಟು, ಎರಿ ಹೊಲದ ಧೂಳು ಇರುವ ಈ ಸೀಮೆಯಲ್ಲಿ ನಾನು ಇದಕ್ಕಿಂತ ಮುಖ್ಯವಾದ ಕೆಲಸ ಕಂಡಿಲ್ಲ. ಅನೇಕ ಹೈಬ್ರಿಡ್‌ಗಳಲ್ಲಿ ದೊಡ್ಡ ಬ್ಯಾಟರಿಯನ್ನು ತಂಪಿಡುವುದು ಕಾರಿನೊಳಗಿನ ಗಾಳಿ. ಸೀಟಿನ ಹತ್ತಿರ ಜಾಲರಿಯ ಕಿಂಡಿ ಇರುತ್ತದೆ. ಎಲ್ಲಿದೆ ಎಂಬುದು ಕಾರಿನ ಪುಸ್ತಕದಲ್ಲಿರುತ್ತದೆ, ಹುಡುಕಿಕೊಳ್ಳಿ. ಆ ಕಿಂಡಿಗೆ ಹಾಸಿಗೆ, ತೊಗರಿಬೇಳೆ ಚೀಲ, ಟವೆಲು ಏನೂ ಅಡ್ಡ ಬರಬಾರದು. ಗಾಳಿ ಸಿಗದೆ ಬ್ಯಾಟರಿ ಕಾದರೆ ಕಾರು ಅದನ್ನು ಬಳಸುವುದನ್ನೇ ಕಡಿಮೆ ಮಾಡುತ್ತದೆ. ಆಗ ಎಂಜಿನ್ನೇ ಹೊತ್ತು ಓಡಿಸಬೇಕು, ಆವರೇಜ್ ಬೀಳುತ್ತದೆ. ನನಗೆ ಪರಿಚಯದ ಒಬ್ಬರ ಕಾರಿನಲ್ಲಿ ಜಾಲರಿ ಬಿಚ್ಚಿದಾಗ ಕಂಬಳಿಯ ತುಂಡಿನಷ್ಟು ದಪ್ಪ ಧೂಳು ಬಂತು. ಸರ್ವಿಸ್‌ನಲ್ಲಿ ಮೂರು ಸಲ ಬಿಲ್ಲಾಗಿತ್ತು, ಜಾಲರಿಯನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ.

ಆರು ತಿಂಗಳಿಗೊಮ್ಮೆ ಕಾರು ಪೂರ್ತಿ ಆಫ್ ಮಾಡಿ ಜಾಲರಿ ಬಿಚ್ಚಿಸಿ, ಫಿಲ್ಟರನ್ನು ವ್ಯಾಕ್ಯೂಮ್‌ನಿಂದ ಎಳೆಸಿ. ಬ್ಲೋವರ್ ಹಿಡಿದು ಊದಿದರೆ ಧೂಳು ನೇರ ಬ್ಯಾಟರಿಯೊಳಕ್ಕೆ ಹೋಗುತ್ತದೆ. ನೀರು ಸಿಂಪಡಿಸಲೇಬಾರದು. ಕಿತ್ತಳೆ ಬಣ್ಣದ ವೈರು ಕಂಡರೆ ಕೈ ಹಿಂದಕ್ಕೆ ತೆಗೆಯಿರಿ, ಅದರಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಇರುತ್ತದೆ.

ಬ್ಯಾಟರಿ ಹೋದರೆ ಲಕ್ಷಾಂತರ ಎಂದು ಹೆದರಿಸುವವರಿಗೆ ಉತ್ತರ ವಾರಂಟಿ ಕಾಗದದಲ್ಲಿದೆ. ಟೊಯೋಟಾ, ಮಾರುತಿ, ಹೋಂಡಾ ಮೂರೂ ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಕೊಡುತ್ತವೆ. ಹೊರಗಿನ ಅಂಗಡಿಯಲ್ಲಿ ವೈರು ಕತ್ತರಿಸಿ ದೀಪ, ಹಾರ್ನು ಜೋಡಿಸಿಕೊಂಡು ಆ ರಕ್ಷಣೆ ಕಳೆದುಕೊಳ್ಳಬೇಡಿ.

ಹಂತ 6: ಓಡಿಸುವ ರೀತಿ ಬದಲಿಸಿ

ಹೈಬ್ರಿಡ್ ಉಳಿಸುವುದು ಊರೊಳಗೆ. ಹೆದ್ದಾರಿಯಲ್ಲಿ ಜಾಸ್ತಿ, ಊರಲ್ಲಿ ಕಡಿಮೆ ಎಂಬ ಹಳೆಯ ರೂಢಿ ಇಲ್ಲಿ ತಿರುವುಮುರುವು. ಜಗತ್ ಸರ್ಕಲ್ ದೂರದಲ್ಲಿ ಕಂಡಾಗಲೇ ಆಕ್ಸಿಲರೇಟರ್ ಬಿಟ್ಟು ಮೆಲ್ಲಗೆ ಬ್ರೇಕ್ ಒತ್ತುತ್ತ ಬಂದರೆ ಕಾರಿನ ವೇಗವೇ ಕರೆಂಟಾಗಿ ಬ್ಯಾಟರಿ ಸೇರುತ್ತದೆ. ಕೊನೆಗಳಿಗೆಯಲ್ಲಿ ಗಕ್ಕನೆ ತುಳಿದರೆ ಅದೆಲ್ಲ ಬ್ರೇಕ್ ಪ್ಯಾಡಿನ ಬಿಸಿಯಾಗಿ ಹೋಗುತ್ತದೆ. ಸಿಗ್ನಲ್‌ನಲ್ಲಿ ನ್ಯೂಟ್ರಲ್‌ಗೆ ಹಾಕುವ ಅಭ್ಯಾಸ ಬಿಡಿ. ಟೊಯೋಟಾ ತಂತ್ರದ ಕಾರುಗಳಲ್ಲಿ (ಹೈರೈಡರ್, ಹೈಕ್ರಾಸ್, ಗ್ರ್ಯಾಂಡ್ ವಿಟಾರಾ) ನ್ಯೂಟ್ರಲ್‌ನಲ್ಲಿ ಬ್ಯಾಟರಿ ಚಾರ್ಜ್ ಆಗುವುದಿಲ್ಲ, ಎಸಿ ಮಾತ್ರ ಅದನ್ನು ಹೀರುತ್ತಲೇ ಇರುತ್ತದೆ. 'ಡಿ'ಯಲ್ಲೇ ಬ್ರೇಕ್ ಹಿಡಿದು ನಿಲ್ಲಿ. ಹುಮನಾಬಾದ್ ರಸ್ತೆಯಲ್ಲಿ 80ಕ್ಕೆ ಹೋಗುವ ಬದಲು 100ಕ್ಕೆ ಹೋದರೆ ಗಾಳಿಯ ತಡೆ ಒಂದೂವರೆ ಪಟ್ಟು ಮೀರುತ್ತದೆ. ನಾನು 85 ದಾಟುವುದಿಲ್ಲ.

ಟಯರಿನ ಗಾಳಿ ಬೆಳಿಗ್ಗೆ, ಚಾಲಕನ ಬಾಗಿಲಿನ ಚೀಟಿಯಲ್ಲಿರುವಷ್ಟೇ.

ಎಂಜಿನ್ ಎಣ್ಣೆ ಪುಸ್ತಕದಲ್ಲಿ ಬರೆದ ತೆಳು ದರ್ಜೆಯದೇ ಆಗಬೇಕು. 'ನಮ್ಮ ಬಿಸಿಲಿಗೆ ದಪ್ಪ ಎಣ್ಣೆ ಛಲೋ' ಎಂಬ ಮೇಸ್ತ್ರಿಯ ಮಾತು ಕೇಳಬೇಡಿ. ಪೆಟ್ರೋಲ್ ಪೈಪಿಗೆ ಕಟ್ಟುವ ಅಯಸ್ಕಾಂತ, ಡ್ಯಾಶ್‌ಬೋರ್ಡಿನ ಸಾಕೆಟ್ಟಿಗೆ ಚುಚ್ಚುವ 'ಫ್ಯುಯೆಲ್ ಸೇವರ್' ಚಿಪ್ಪು, ಟಾಕಿಗೆ ಸುರಿಯುವ ಮೈಲೇಜ್ ಬಾಟಲಿ, ಈ ಮೂರಕ್ಕೂ ಒಂದು ರೂಪಾಯಿ ಕೊಡಬೇಡಿ. ಚಿಪ್ಪನ್ನು ನಾನೇ ತಂದು ಮೂರು ಟಾಕಿ ಅಳೆದು ನೋಡಿದ್ದೇನೆ. ಅದರಲ್ಲಿ ದೀಪ ಮಿನುಗಿತು, ವಹಿಯ ಅಂಕಿ ಅಲುಗಲಿಲ್ಲ.

ಮದುವೆ ಸೀಜನ್ನಿಗೋ ಮಕ್ಕಳ ಮನೆಗೋ ಎಂದು ಮೂರು ವಾರ ಊರು ಬಿಡುವುದಿದ್ದರೆ, ಸಣ್ಣ 12 ವೋಲ್ಟ್ ಬ್ಯಾಟರಿಯನ್ನು ಮರೆಯಬೇಡಿ. ದೊಡ್ಡ ಬ್ಯಾಟರಿ ತುಂಬಿದ್ದರೂ ಇದು ಇಳಿದರೆ ಕಾರು ಏಳುವುದಿಲ್ಲ. ವಾರಕ್ಕೊಮ್ಮೆ ಅರ್ಧ ಗಂಟೆ ಕಾರು ಆನ್ ಮಾಡಿ 'ರೆಡಿ' ದೀಪ ಹೊತ್ತಿಸಿ, 'ಪಿ'ಯಲ್ಲಿ ನಿಲ್ಲಿಸಲು ಮನೆಯಲ್ಲಿ ಉಳಿದವರಿಗೆ ಹೇಳಿ ಹೋಗಿ. ಷೆಡ್ಡಿನ ಬಾಗಿಲು ಪೂರ್ತಿ ತೆರೆದಿರಲಿ, ನಡುವೆ ಎಂಜಿನ್ ತಾನೇ ಶುರುವಾಗಿ ಹೊಗೆ ಬಿಡುತ್ತದೆ.