ಡಿಪ್ಲೀಟೆಡ್ ಯುರೇನಿಯಂ ತಪಾಸಣೆ: ಒಂದು ದಿನದ ಮೂತ್ರ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಯೊಂದರಲ್ಲಿ ನಾನು ನರ್ಸ್. ಡಿಪ್ಲೀಟೆಡ್ ಯುರೇನಿಯಂ ತಪಾಸಣೆಗೆ ಬರುವವರನ್ನು ನೋಡಿಕೊಳ್ಳುವುದೂ ನನ್ನ ಕೆಲಸ. ಬಹುತೇಕರು 1991ರ ಕೊಲ್ಲಿ ಯುದ್ಧಕ್ಕೆ ಹೋಗಿ ಬಂದವರು. ಡಿಪ್ಲೀಟೆಡ್ ಯುರೇನಿಯಂ ಎಂದರೆ ಸಹಜ ಯುರೇನಿಯಂನಿಂದ ಯುರೇನಿಯಂ-235 ಎಂಬ ಅಂಶವನ್ನು ಬಹುಮಟ್ಟಿಗೆ ತೆಗೆದ ಮೇಲೆ ಉಳಿಯುವ ಲೋಹ. ಇದು ಸೀಸಕ್ಕಿಂತ ಸುಮಾರು 1.7 ಪಟ್ಟು ಸಾಂದ್ರ. ಹಾಗಾಗಿಯೇ ಟ್ಯಾಂಕಿನ ಕವಚ ಸೀಳುವ ಗುಂಡುಗಳಿಗೆ ಅದನ್ನು ಬಳಸಿದರು. ಬಡಿದಾಗ ಹೊತ್ತಿಕೊಂಡು ನುಣ್ಣನೆಯ ಧೂಳಾಗುತ್ತದೆ. ಬಂದವರೆಲ್ಲ ವಿಕಿರಣದ ಬಗ್ಗೆಯೇ ಕೇಳುತ್ತಾರೆ. ಅದು ಸಹಜ ಯುರೇನಿಯಂಗಿಂತ ಶೇ 40ರಷ್ಟು ಕಡಿಮೆ. ನಾವು ಮೊದಲು ನೋಡುವುದು ಕಿಡ್ನಿಯನ್ನು. ರಕ್ತಕ್ಕೆ ಸೇರಿದ ಯುರೇನಿಯಂ ಹೆಚ್ಚಾಗಿ ಹೊರಹೋಗುವುದು ಆ ದಾರಿಯಲ್ಲೇ.

ಒಂದು ದಿನದ ಮೂತ್ರ ಹಿಡಿದಿಡುವ ಕ್ಯಾನ್ ಕೊಡುವ ಮೊದಲು ಮಾತು. ಗುಂಡು ಬಿದ್ದಾಗ ವಾಹನದ ಒಳಗಿದ್ದಿರಾ? ಗಾಯಾಳುಗಳನ್ನು ಎಳೆದು ತರಲು ಒಳಗೆ ಹೋಗಿದ್ದಿರಾ? ಆಮೇಲೆ ಆ ವಾಹನಗಳ ರಿಪೇರಿ ಮಾಡಿದಿರಾ, ಇಲ್ಲ ಬರೀ ಪಕ್ಕದಲ್ಲಿ ಹಾದುಹೋದಿರಾ? ಎಷ್ಟು ಧೂಳು ಒಳಹೋಗಿರಬಹುದು ಎಂಬ ಅಂದಾಜು ಇದರಿಂದಲೇ ಸಿಗುತ್ತದೆ. ಈ ಪ್ರಶ್ನೆಗಳನ್ನು ನಾನು ಅವಸರದಲ್ಲಿ ಕೇಳುವುದಿಲ್ಲ. ಆ ಯುದ್ಧದಲ್ಲಿ ಅಮೆರಿಕದ ಏಬ್ರಮ್ಸ್ ಟ್ಯಾಂಕ್, ಬ್ರಾಡ್ಲಿ ಎಂಬ ಕವಚದ ವಾಹನಗಳಲ್ಲಿದ್ದು ಈ ಲೋಹಕ್ಕೆ ಸಿಕ್ಕವರಿಗೆ ಹೊಡೆದದ್ದು ಅವರದೇ ಪಡೆಯ ಗುಂಡು. ಅದನ್ನು ಬಾಯಿಬಿಟ್ಟು ಹೇಳಲು ಕೆಲವರಿಗೆ ಇಂದಿಗೂ ಹೊತ್ತು ಬೇಕು.

ಮೂತ್ರ ಸಂಗ್ರಹದ ವಿವರ ಬರೆದುಕೊಟ್ಟರೂ ಸಾಲದು, ಬಾಯಲ್ಲಿ ಹೇಳಿ ಅವರಿಂದಲೂ ಒಮ್ಮೆ ಹೇಳಿಸುತ್ತೇನೆ. ಬೆಳಿಗ್ಗೆ ಎದ್ದಾಗಿನ ಮೊದಲನೆಯದು ಬೇಡ, ಗಂಟೆ ಬರೆದುಕೊಳ್ಳಿ. ಅಲ್ಲಿಂದ ಮರುದಿನ ಅದೇ ಹೊತ್ತಿನವರೆಗೆ ಒಂದು ಹನಿಯೂ ಬಿಡದಂತೆ ಕ್ಯಾನಿಗೆ, ಮರುದಿನದ ಮೊದಲನೆಯದೂ ಸೇರಿ. ಮುಚ್ಚಳ ತೆರೆದಿಡಬೇಡಿ, ಮಣ್ಣಿನ ಧೂಳಿನಲ್ಲೂ ಯುರೇನಿಯಂ ಇರುತ್ತದೆ. ನಡುವೆ ಒಂದು ಸಲ ತಪ್ಪಿದ್ದರೆ ಮುಚ್ಚಿಡದೆ ಹೇಳಿ, ಇನ್ನೊಂದು ಕ್ಯಾನ್ ಕೊಡುತ್ತೇನೆ. ಹೇಳದಿದ್ದರೂ ಕ್ರಿಯಾಟಿನಿನ್ (ದಿನವೂ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ಮೂತ್ರಕ್ಕೆ ಬರುವ ತ್ಯಾಜ್ಯ) ಲೆಕ್ಕ ತೀರಾ ಕಡಿಮೆ ಬಂದಾಗ ಅನುಮಾನ ಬಂದೇ ಬರುತ್ತದೆ. ಮಾದರಿ ಬಾಲ್ಟಿಮೋರ್‌ನಲ್ಲಿರುವ, ಈ ತಪಾಸಣೆಯನ್ನೇ ನೋಡಿಕೊಳ್ಳುವ ಮಾಜಿ ಸೈನಿಕರ ಆಸ್ಪತ್ರೆಯ ತಂಡಕ್ಕೆ ಹೋಗುತ್ತದೆ.

ವರದಿಯಲ್ಲಿ ನಾನು ಮೊದಲು ಕಣ್ಣಾಡಿಸುವುದು ಐಸೊಟೋಪ್ ಅನುಪಾತದ ಮೇಲೆ, ಅಂದರೆ ಯುರೇನಿಯಂನ ಬೇರೆ ಬೇರೆ ತೂಕದ ಪರಮಾಣುಗಳು ಯಾವ ಪ್ರಮಾಣದಲ್ಲಿವೆ ಎಂಬುದರ ಮೇಲೆ. ಅನ್ನ–ನೀರಿನಿಂದ ಎಲ್ಲರ ಮೈಯಲ್ಲೂ ತುಸು ಯುರೇನಿಯಂ ಇರುತ್ತದೆ. ಸಹಜವಾದದ್ದರಲ್ಲಿ ಯುರೇನಿಯಂ-235 ಶೇ 0.72; ಗುಂಡಿನದರಲ್ಲಿ ಸುಮಾರು ಶೇ 0.2. ಒಬ್ಬರ ಒಟ್ಟು ಪ್ರಮಾಣ ಹೆಚ್ಚು ಬಂದಿತ್ತು. ಮನೆಯವರೆಲ್ಲ ಗಾಬರಿ. ಅನುಪಾತ ನೋಡಿದರೆ ಅಪ್ಪಟ ಸಹಜದ್ದು. ಅವರು ಕುಡಿಯುತ್ತಿದ್ದದ್ದು ಮನೆಯ ಕೊಳವೆಬಾವಿ ನೀರು. ಯುದ್ಧದ ಪ್ರಶ್ನೆ ಅಲ್ಲಿಗೆ ಮುಗಿಯಿತು, ನೀರಿನ ಪರೀಕ್ಷೆ ಶುರುವಾಯಿತು. ಬರೀ ಒಟ್ಟು ಅಂಕಿ ಹೇಳಿ ಕಳಿಸುವುದು ಅನ್ಯಾಯ ಎಂದು ನಾನು ಗಟ್ಟಿಯಾಗಿ ನಂಬುವುದು ಇದಕ್ಕೇ.

ಮೈಯಲ್ಲಿ ಲೋಹದ ಚೂರು ಉಳಿದವರ ಕಥೆಯೇ ಬೇರೆ. ಅಂಥವರನ್ನು ಬಾಲ್ಟಿಮೋರ್ ತಂಡ 1993ರಿಂದ, ಸುಮಾರು ಎರಡು ವರ್ಷಕ್ಕೊಮ್ಮೆ ಕರೆಸಿ ನೋಡುತ್ತಿದೆ. ಚೂರು ನಿಧಾನವಾಗಿ ಕರಗುವುದರಿಂದ ದಶಕಗಳ ನಂತರವೂ ಅವರ ಮೂತ್ರದಲ್ಲಿ ಯುರೇನಿಯಂ ಹೆಚ್ಚೇ. ಹೀಗಿದ್ದೂ ಕಿಡ್ನಿಗೆ ದೊಡ್ಡ ಹಾನಿ ಕಂಡಿಲ್ಲ. ಆದರೆ ಇಲಿಗಳ ಸ್ನಾಯುವಿನಲ್ಲಿ ಈ ಲೋಹ ಇಟ್ಟು ನೋಡಿದಾಗ ಅದರ ಸುತ್ತ ಗಡ್ಡೆ ಬೆಳೆದದ್ದುಂಟು. ಹಾಗಾಗಿ ಚೂರಿರುವ ಜಾಗದಲ್ಲಿ ಊತವೋ ನೋವೋ ಕಂಡರೆ ಮುಂದಿನ ಸರದಿಗೆ ಕಾಯಬೇಡಿ, ಅಂದೇ ಫೋನ್ ಮಾಡಿ ಎನ್ನುತ್ತೇನೆ.

ಚೂರಿಲ್ಲದೆ ಬರುವವರಲ್ಲಿ ಹೆಚ್ಚಿನವರ ವರದಿ ಸಹಜವೇ. ಕಷ್ಟದ ಮಾತು ಇರುವುದು ಅಲ್ಲಿ. ಕೀಲುನೋವು, ದಣಿವು, ನಿದ್ದೆಗೇಡು ಹೊತ್ತು ಬಂದವರಿಗೆ ‘ನಾರ್ಮಲ್’ ಎಂದರೆ ಬಾಗಿಲು ಮುಚ್ಚಿದ ಹಾಗೆ ಕೇಳಿಸುತ್ತದೆ. ಇದೆಲ್ಲ ಮನಸ್ಸಿನ ಭ್ರಮೆ ಎಂದು ಬೇರೆಡೆ ಹೇಳಿಸಿಕೊಂಡು ಬಂದವರೂ ಇದ್ದಾರೆ. ಅದನ್ನು ಕೇಳಿದಾಗ ನನಗೆ ಸಿಟ್ಟು ಬರುತ್ತದೆ. ಮೂತ್ರ ಉತ್ತರಿಸಿದ್ದು ಈ ಒಂದು ಲೋಹದ ಬಗ್ಗೆ ಮಾತ್ರ, ನಿಮ್ಮ ನೋವಿನ ಬಗ್ಗೆ ಅಲ್ಲ ಎಂದು ಬಿಡಿಸಿ ಹೇಳುತ್ತೇನೆ. ಆ ಯುದ್ಧದ ಸೈನಿಕರಿಗೆಂದೇ ಉಚಿತ ರಿಜಿಸ್ಟ್ರಿ ತಪಾಸಣೆ, ಅಂದರೆ ಹೆಸರು ದಾಖಲಿಸಿಕೊಂಡು ಮಾಡುವ ಆರೋಗ್ಯ ತಪಾಸಣೆ, ಇದೆ. ವರದಿ ಕೈಗಿತ್ತು, ಅವರು ಎದ್ದು ಹೋಗುವ ಮೊದಲೇ ಅದಕ್ಕೆ ದಿನ ಗೊತ್ತು ಮಾಡಿಕೊಡುತ್ತೇನೆ.